ತಿಕೋಟಾ ಮೈದಾನದ ಓಡುವ ತ್ರಿಕೋನ

ಆ ಗುರುವಾರ ನಮ್ಮ ಓಣಿಗೆ ನಳದ ನೀರು ಬಿಡುವ ದಿನ. ಬೆಳಕು ಹರಿಯುವ ಮೊದಲೇ ಎದ್ದು ಬ್ಯಾರಲ್ಲು, ಕೊಡ, ಕೊನೆಗೆ ಹಾಲಿನ ಪಾತ್ರೆಯನ್ನೂ ತುಂಬಿಸಿಟ್ಟೆ. ಆಮೇಲೆ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿಯಲು ನಿಂತೆ. ನನ್ನ ರೊಟ್ಟಿಯ ಅಂಚು ಸಾಮಾನ್ಯವಾಗಿ ಒಡೆಯುವುದಿಲ್ಲ. ಅಂದು ಸಾಲಾಗಿ ಎರಡು ಒಡೆದವು. ಮೂರನೆಯದಕ್ಕೆ ಹಿಟ್ಟು ಉದುರಿಸಿ ನೋಡಿದರೆ, ನನ್ನ ಬೆರಳು ಆ ಹಿಟ್ಟಿನ ಮೇಲೆ ಒಂದು ತ್ರಿಕೋನ ಗೀಚಿತ್ತು. ಹಿಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಯಜಮಾನರು ಅದನ್ನು ಕಂಡು, "ಪರೀಕ್ಷಾ ಹುಡುಗರಿಗೈತೋ, ನಿನಗೈತೋ?" ಎಂದರು.

ಪರೀಕ್ಷೆ ಹುಡುಗರಿಗೇ ಇತ್ತು, ಮಧ್ಯಾಹ್ನ ಎರಡಕ್ಕೆ. ತಿಕೋಟಾದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು ಬಾಣಂತನಕ್ಕೆ ರಜೆ ಹಾಕಿದ್ದರು. ಅವರು ಬರುವವರೆಗೆ ಪಾಠ ಮಾಡುವಿರಾ ಎಂದು ಪ್ರಾಚಾರ್ಯರು ಯಜಮಾನರ ಮೂಲಕ ಕೇಳಿಸಿದ್ದರು. ಗಣಿತದಲ್ಲಿ ಪದವಿ ಮುಗಿಸಿ ಅಡುಗೆಮನೆ ಸೇರಿದವಳು ನಾನು. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾಗಿದ್ದವು. ಹೂಂ ಎಂದುಬಿಟ್ಟೆ. ನನ್ನ ಪಾಲಿಗೆ ಬಂದದ್ದು ಅವಕಲನದ ಅನ್ವಯಗಳು ಎಂಬ ಅಧ್ಯಾಯ, ಅದರಲ್ಲೂ ಮೊದಲಿಗೇ ಎದುರಾಗುವ ಬದಲಾವಣೆಯ ದರ. ಒಂದು ಅಳತೆ ಇಷ್ಟು ವೇಗದಲ್ಲಿ ಬದಲಾಗುತ್ತಿದ್ದರೆ, ಅದಕ್ಕೆ ಅಂಟಿಕೊಂಡಿರುವ ಇನ್ನೊಂದು ಅಳತೆ ಎಷ್ಟು ವೇಗದಲ್ಲಿ ಬದಲಾಗುತ್ತದೆ? ಕೇಳಲು ಸರಳ. ಹುಡುಗರಿಗೆ ಅದು ಕಬ್ಬಿಣದ ಕಡಲೆಯಾಗಿತ್ತು.

ನಾನು ಓದಿದ್ದು ವಿಜಯಪುರದಲ್ಲಿ, ಸಿಸ್ಟರ್‌ಗಳ ಶಾಲೆಯಲ್ಲಿ. ಪುಟದ ಎಡಕ್ಕೆ ಪೆನ್ಸಿಲಿನ ಗೆರೆ, ಲೆಕ್ಕದ ಪ್ರತಿ ಹಂತಕ್ಕೆ ಒಂದು ಸಾಲು, ಉತ್ತರಕ್ಕೆ ಎರಡು ಗೆರೆ. ಆ ಅಚ್ಚುಕಟ್ಟಿನಲ್ಲಿಯೇ ಕಲಿಸಲು ಹೊರಟೆ. ಪಠ್ಯದಲ್ಲಿದ್ದ ಬಲೂನು, ಕೊಳದ ಅಲೆ ಇವಾವುವೂ ಹುಡುಗರ ಮುಖದಲ್ಲಿ ಏನನ್ನೂ ಮೂಡಿಸಲಿಲ್ಲ. ಆಟದ ಉದಾಹರಣೆ ಕೊಟ್ಟರೆ ಹಿಡಿಸಬಹುದೆಂದು ಮನೆಯಲ್ಲಿದ್ದ ಹಳೆಯ ವಿದೇಶಿ ಪುಸ್ತಕ ತೆಗೆದೆ. ಅದರಲ್ಲಿ ಬೇಸ್‌ಬಾಲ್ ಇತ್ತು. ಆಟಗಾರ ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡುತ್ತಾನೆ, ಮೂರನೆಯ ಮೂಲೆಯಿಂದ ಅವನ ದೂರ ಎಷ್ಟು ವೇಗವಾಗಿ ಬದಲಾಗುತ್ತದೆ? ಮೂಲೆಗಳನ್ನು ವಿವರಿಸುವಷ್ಟರಲ್ಲಿ ಅರ್ಧ ತಾಸು ಹೋಯಿತು. ಹಿಂದಿನ ಬೆಂಚಿನ ಹುಡುಗ ಬಹಳ ವಿನಯದಿಂದ ಎದ್ದು ನಿಂತು, "ಮೇಡಂ ರೀ, ಚೆಂಡ ಹೊಡದ ಮ್ಯಾಲ ಬ್ಯಾಟ್ ಯಾಕ ಒಗದು ಓಡತಾನ್ರಿ?" ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. ಮರುದಿನ ಕ್ರಿಕೆಟ್ಟಿಗೆ ಬದಲಾಯಿಸಿದೆ. ನೆಲದ ಮೇಲೆ ಉರುಳುವ ಚೆಂಡು, ಬೌಂಡರಿಯ ಬಳಿ ನಿಂತ ಫೀಲ್ಡರ್. ಅವನು ಆ ಚೆಂಡನ್ನು ತಡೆಯಬಲ್ಲನೋ ಇಲ್ಲವೋ ಎಂಬ ಜಗಳ ಶುರುವಾಯಿತು. ಗಂಟೆ ಬಾರಿಸಿದರೂ ಅದು ಇತ್ಯರ್ಥವಾಗಲಿಲ್ಲ.

ನಿಜವಾದ ತೊಡಕು ಬೇರೆಯದು ಎಂದು ಅವರ ನೋಟ್‌ಬುಕ್ಕುಗಳನ್ನು ತಿದ್ದುವಾಗ ತಿಳಿಯಿತು. ಹತ್ತನೆಯ ತರಗತಿಯವರೆಗೆ ಈ ಮಕ್ಕಳ ಕೈಯಲ್ಲಿ ಒಂದು ಪದ್ಧತಿ ಕೂತುಬಿಟ್ಟಿತ್ತು. ಮೊದಲು ದತ್ತ, ಅಂದರೆ ಲೆಕ್ಕದಲ್ಲಿ ಕೊಟ್ಟದ್ದು. ಆಮೇಲೆ ಸೂತ್ರ. ಸೂತ್ರ ಬರೆದ ಕೂಡಲೇ ಬೆಲೆ ಹಾಕು, ಅಂದರೆ ಅಕ್ಷರದ ಜಾಗಕ್ಕೆ ಅಂಕಿ ತುಂಬು. ಸೂತ್ರಕ್ಕೊಂದು ಅಂಕ, ಬೆಲೆ ಹಾಕಿದ್ದಕ್ಕೊಂದು ಅಂಕ; ಉತ್ತರ ತಪ್ಪಿದರೂ ಅಷ್ಟಂತೂ ಕೈಗೆ ಬಂತು. ನಿಂತ ವಸ್ತುಗಳಿಗೆ ಅದು ಒಳ್ಳೆಯ ಪದ್ಧತಿ. ಚಲಿಸುವ ಲೆಕ್ಕಕ್ಕೆ ಅದೇ ಮುಳುವು. ದೂರ ಎಂಟು ಮೀಟರ್ ಇದ್ದಾಗ ದರ ಎಷ್ಟು ಎಂದು ಕೇಳಿದರೆ ಇವರು ಮೊದಲೇ ಎಂಟನ್ನು ತುಂಬಿ, ಆಮೇಲೆ ಡಿಫರೆನ್ಶಿಯೇಟ್ ಮಾಡುತ್ತಿದ್ದರು, ಅಂದರೆ ಬದಲಾವಣೆಯ ದರ ತೆಗೆಯುತ್ತಿದ್ದರು. ಬದಲಾಗದ ಬರೀ ಅಂಕಿಯನ್ನು ಡಿಫರೆನ್ಶಿಯೇಟ್ ಮಾಡಿದರೆ ಸೊನ್ನೆಯಲ್ಲದೆ ಇನ್ನೇನು ಬರಬೇಕು? ಪುಟದ ಮೇಲೆ ಪುಟ, ಸೊನ್ನೆಯ ಕೆಳಗೆ ಅಚ್ಚುಕಟ್ಟಾದ ಎರಡು ಗೆರೆ. ಬೆಲೆ ಮೊದಲು ಹಾಕಬೇಡಿ ಎಂದು ಬೋರ್ಡಿನ ಮೂಲೆಯಲ್ಲಿ ಬರೆದೆ, ಬಾಯಲ್ಲಿ ಹೇಳಿದೆ, ಮತ್ತೆ ಹೇಳಿದೆ. ಎಲ್ಲರೂ ತಲೆಯಾಡಿಸಿ ಮೊದಲು ಬೆಲೆಯನ್ನೇ ಹಾಕಿದರು.

ಅವರಲ್ಲಿ ಒಬ್ಬಳು ಸೈಕಲ್ಲಿನ ಹುಡುಗಿ. ಬಬಲೇಶ್ವರ ರಸ್ತೆಯ ತೋಟವೊಂದರಲ್ಲಿ ಅವರ ಮನೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ತಂದೆಗೆ ಕೆಲಸ. ವಿಜಯಪುರದ ತರಬೇತುದಾರರೊಬ್ಬರು ಅವಳ ಕಾಲಿನ ಕಸುವು ಕಂಡು ರೇಸಿನ ಸೈಕಲ್ಲೊಂದನ್ನು ಬಳಸಲು ಕೊಟ್ಟಿದ್ದರು. ದಿನಾ ನಸುಕಿನಲ್ಲೆದ್ದು ಅದನ್ನು ತುಳಿದು ಅಭ್ಯಾಸ ಮಾಡಿ, ಕಾಲೇಜಿನ ನಳದಲ್ಲಿ ಮುಖ ತೊಳೆದು, ಚೀಲದಿಂದ ದುಪಟ್ಟಾ ತೆಗೆದು ತಲೆಗೆ ಸುತ್ತಿಕೊಂಡು ತರಗತಿಗೆ ಬರುತ್ತಿದ್ದಳು. ಹುಬ್ಬಿನ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಧೂಳು ಉಳಿದಿರುತ್ತಿತ್ತು. ಹಿಂದಿನ ಟೆಸ್ಟಿನಲ್ಲಿ ಗಣಿತ ಒಂದರಲ್ಲೇ ನಪಾಸು.

ಎರಡು ದಿನದ ಹಿಂದೆ ಅವಳ ತಂದೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕುಳಿತುಕೊಳ್ಳಿ ಎಂದರೂ ಕೂರದೆ ಮಾತಾಡಿದರು. ಸಿಟ್ಟಿನ ಮನುಷ್ಯರಲ್ಲ. ಮಗಳು ನರ್ಸಿಂಗೋ ಫಾರ್ಮಸಿಯೋ ಓದಬೇಕು, ಸೈಕಲ್ಲಿನಿಂದ ಓದು ಹಾಳಾಗುತ್ತಿದೆ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ, ತನಗೂ ಹಾಗೆಯೇ ಅನ್ನಿಸತೊಡಗಿದೆ ಎಂದರು. ಹೊರಡುವಾಗ ಹೇಳಿದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. "ಗುರುವಾರದ ಟೆಸ್ಟಿನಾಗ ಪಾಸ್ ಆಗ್ಲಿಲ್ಲಂದ್ರ ಸೈಕಲ್ ಕೋಚ್ ಸಾಹೇಬ್ರಿಗೆ ವಾಪಸ್ ಕೊಟ್ಟು ಬರತೇನ್ರಿ ಬಾಯಾರ. ಆಕಿಗೂ ಹೇಳೇನಿ. ಅತ್ತಾಳ, ಆದ್ರ ಹೂಂ ಅಂದಾಳ."

ಆ ಹೂಂ ನನ್ನನ್ನು ಬಹಳ ಕಾಡಿತು. ರೊಟ್ಟಿ ಒಡೆದದ್ದು ಅದಕ್ಕೇ.

ತಿಕೋಟಾದಲ್ಲಿ ಬಸ್ಸಿಳಿದು ಚಹಾದಂಗಡಿಯ ಪಕ್ಕದ ಬೇವಿನ ನೆರಳಿಗೆ ಸರಿದೆ. ಆ ಮರ ರಸ್ತೆಯಿಂದ ಸ್ವಲ್ಪ ಒಳಗಿದೆ. ಚೀಲದಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿ ಪಲ್ಯದ ಎಣ್ಣೆ ಒಸರುತ್ತಿತ್ತು. ಅದನ್ನು ಒರೆಸುತ್ತ ತಲೆಯೆತ್ತಿದಾಗ ಅವಳು ಬರುತ್ತಿದ್ದಳು. ದೂರದಲ್ಲಿ ಒಂದು ಚುಕ್ಕೆ, ಬರಬರುತ್ತ ಹೆಲ್ಮೆಟ್ಟು, ಮೊಣಕಾಲು. ಎದುರಿಗೆ ಬಂದಾಗ ನನ್ನನ್ನು ಕಂಡು ಗದ್ದ ಎತ್ತಿದಳು, ಅಷ್ಟೇ. ಮತ್ತೆ ಚುಕ್ಕೆಯಾದಳು. ರಸ್ತೆ ಒಂದು ಗೆರೆ. ಮರದಿಂದ ರಸ್ತೆಗೆ ಇನ್ನೊಂದು. ನನ್ನಿಂದ ಅವಳಿಗೆ ಮೂರನೆಯದು. ಆ ಮೂರನೆಯ ಗೆರೆ ನನ್ನ ಕಣ್ಣೆದುರಿಗೇ ಕುಗ್ಗಿ ಹಿಗ್ಗಿತ್ತು. ಒಂದು ವಾರದಿಂದ ನಾನು ಬೋರ್ಡಿನ ಮೇಲೆ ನಿಲ್ಲಿಸಿಟ್ಟ ತ್ರಿಕೋನವನ್ನು ತೋರಿಸಿ, ಅದು ಓಡುತ್ತಿದೆ ಎಂದು ನಂಬಿ ಎನ್ನುತ್ತಿದ್ದೆ. ಹುಡುಗರು ಯಾಕೆ ನಂಬಬೇಕು?

ಅಲ್ಲಿಯೇ ನಿರ್ಧರಿಸಿದೆ. ಬೆಳಗಿನ ಪುನರಾವರ್ತನೆಯ ಎರಡು ಪಿರಿಯಡ್ಡೂ ಬೋರ್ಡು ಬೇಡ, ಮೈದಾನ. ಪರೀಕ್ಷೆಯ ದಿನ ಅದು ಹುಚ್ಚು ಧೈರ್ಯವೇ. ಎಡವಿದರೆ ಉಳಿದ ಲೆಕ್ಕಗಳನ್ನು ತಿರುವಿಹಾಕುವ ಸಮಯವೂ ಹೋಗುತ್ತದೆ. ಆದರೆ ತರಗತಿಯಲ್ಲಿ ಕೂತು ಮತ್ತೊಮ್ಮೆ ಅದನ್ನೇ ಹೇಳಿದರೆ ಮತ್ತೊಮ್ಮೆ ಸೊನ್ನೆಯೇ ಬರುವುದು ಖಚಿತವಿತ್ತು.

ದೈಹಿಕ ಶಿಕ್ಷಕರು ಖೋ-ಖೋ ಅಂಕಣಕ್ಕೆ ಸುಣ್ಣ ಹಾಕಿಸುತ್ತಿದ್ದರು. ನನಗೊಂದು ಉದ್ದನೆಯ ನೇರ ಗೆರೆ ಬೇಕು, ಅದರ ಮೇಲೆ ಮೀಟರಿಗೊಂದು ಗುರುತು ಬೇಕು ಎಂದೆ. ಗಣಿತಕ್ಕೆ ಸುಣ್ಣ ಯಾಕೆ ಎನ್ನುತ್ತಲೇ ಹಾಕಿಕೊಟ್ಟರು. ತೆಳ್ಳನೆಯ ನೈಲಾನ್ ಹಗ್ಗವನ್ನೂ ಕೊಟ್ಟರು, ಸಂಜೆಗೆ ವಾಪಸ್ ಬೇಕೆಂದು ಹೇಳಿ. ಹುಡುಗಿಯರು ಕೂತು ಅಳತೆಪಟ್ಟಿ ಹಿಡಿದು ಮೀಟರಿಗೊಂದರಂತೆ ಗಂಟು ಹಾಕಿದರು. ಗೆರೆಯಿಂದ ಆರು ಮೀಟರ್ ಒಳಗೆ ನಾನು ನಿಂತೆ. ಹಗ್ಗದ ತುದಿಯನ್ನು ಸೈಕಲ್ಲಿನ ಸೀಟಿನ ಕೆಳಗೆ ಕಟ್ಟಿಸಿದೆ. ಉಳಿದದ್ದು ನನ್ನ ಅಂಗೈಯೊಳಗಿಂದ ಹಾದು ಹಿಂದೆ ಇಬ್ಬರು ಹುಡುಗರ ಕೈಯಲ್ಲಿ ಬಿಗಿಯಾಗಿ. ಸೈಕಲ್ಲಿನ ಹುಡುಗಿ ನನ್ನ ನೇರ ಎದುರಿನಿಂದ ಶುರುಮಾಡಿ ಗೆರೆಯ ಮೇಲೆ ಸೈಕಲ್ ನೂಕಿಕೊಂಡು ಹೋಗಬೇಕು, ಪ್ರತಿ ಚಪ್ಪಾಳೆಗೆ ಒಂದು ಮೀಟರ್. ನನ್ನ ಅಂಗೈ ದಾಟುವ ಗಂಟುಗಳನ್ನು ಉಳಿದವರು ಎಣಿಸಬೇಕು.

ಮೊದಲ ಸಲ ಹಗ್ಗ ಚೈನಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಾಗ ಅವಳು ಮಗುವಿನ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವಂತೆ ಮೆಲ್ಲಗೆ ತೆಗೆದಳು. ಎರಡನೆಯ ಸಲ ಚಪ್ಪಾಳೆ ಹೊಡೆಯುವವರ ಲಯ ತಪ್ಪಿತು. ಕಾಮರ್ಸಿನ ಹುಡುಗರು ಕಿಟಕಿಯಲ್ಲಿ ಗುಂಪುಗೂಡಿ, ಮೇಡಮ್ಮಾರು ಎಮ್ಮೆ ಕಟ್ಟಾಕತ್ತಾರೇನು ಎಂದು ನಕ್ಕರು. ಗದ್ದಲಕ್ಕೆ ಪ್ರಾಚಾರ್ಯರೇ ಹೊರಗೆ ಬಂದರು. ಟೆಸ್ಟ್ ಮುಂದಕ್ಕೆ ಹೋಗುವುದಿಲ್ಲ ಎಂದಷ್ಟೇ ಹೇಳಿ, ಕೈ ಹಿಂದೆ ಕಟ್ಟಿಕೊಂಡು ಅಲ್ಲಿಯೇ ನಿಂತರು. ಅವರು ಬೈದಿದ್ದರೆ ಚೆನ್ನಾಗಿತ್ತು. ಹಗ್ಗವನ್ನು ಮತ್ತೆ ಬಿಗಿ ಮಾಡಿದೆ.

ಮೂರನೆಯ ಸಲ ಹಗ್ಗ ಮಾತು ಕೇಳಿತು. ಒಂದು ಚಪ್ಪಾಳೆ, ಎರಡು, ಮೂರು. ಸೈಕಲ್ಲು ಮೂರು ಮೀಟರ್ ಹೋಗಿದೆ, ನನ್ನ ಕೈಯಿಂದ ಒಂದು ಗಂಟೂ ದಾಟಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕಕ್ಕೆ ಮೊದಲ ಗಂಟು ಸರಿಯಿತು. ಆಮೇಲೆ ಗಂಟುಗಳು ಚುರುಕಾದವು. ಗೆರೆಯ ಕೊನೆಗೆ ಬಂದಾಗ ಐದು ಚಪ್ಪಾಳೆಗೆ ಹೆಚ್ಚುಕಡಿಮೆ ಐದು ಗಂಟು, ಅಂಗೈ ಉರಿಯತೊಡಗಿತು. ಸೈಕಲ್ಲಿನ ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ. ಹಗ್ಗದ ವೇಗ ಬೇರೆ, ಅದೂ ಕ್ಷಣಕ್ಷಣಕ್ಕೂ ಬೇರೆ. ಇದನ್ನು ನಾನು ಹೇಳಲಿಲ್ಲ. ಹಗ್ಗ ಹಿಡಿದ ಹುಡುಗನೇ ಹೇಳಿದ.

ಸರದಿಯಂತೆ ಎಲ್ಲರೂ ಹಗ್ಗ ಹಿಡಿದು ನೋಡಿದರು. ಆಮೇಲೆ ಸೈಕಲ್ಲಿನ ಹುಡುಗಿಯನ್ನು ಎಂಟನೆಯ ಮೀಟರಿನಲ್ಲಿ ನಿಲ್ಲಿಸಿದೆ. ಅವಳು ಬ್ರೇಕ್ ಹಿಡಿದಳು. ಈಗ ನನ್ನಿಂದ ನಿನಗೆ ಎಷ್ಟು ದೂರ ಎಂದು ಕೇಳಿದೆ. ಆರು, ಎಂಟು, ಹತ್ತು. ಹತ್ತು ಮೀಟರ್ ಎಂದರು ಎಲ್ಲರೂ. ಸರಿ, ಈಗ ಚಪ್ಪಾಳೆಗೆ ಎಷ್ಟು ಗಂಟು ದಾಟುತ್ತಿವೆ? ಯಾರೋ ಚಪ್ಪಾಳೆ ಹೊಡೆದರು. ಹಗ್ಗ ಅಲುಗಲಿಲ್ಲ. ಇನ್ನೊಮ್ಮೆ ಹೊಡೆದರು. ಸೈಕಲ್ ನಿಂತಿದೆಯಲ್ಲ ಎಂದು ಕೆಲವರು ನಕ್ಕರು.

ಅವಳು ನಗಲಿಲ್ಲ. ಬ್ರೇಕಿನ ಮೇಲಿದ್ದ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಹೇಳಿದಳು. "ಮೇಡಂ ರೀ, ನಾವು ಎಂಟು ಮೊದಲ ಹಾಕೋದು ಅಂದ್ರ ಇದಾ ಏನ್ರಿ? ಬ್ರೇಕ್ ಹಿಡದು ನಿಂತು, ಎಷ್ಟು ಸ್ಪೀಡ್ ಅದ ಅಂತ ಕೇಳಿದಂಗ ಆತಲ್ರಿ."

ಒಂದು ವಾರ ನಾನು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಹುಡುಕಿದ ವಾಕ್ಯ ಅದು. ಅದನ್ನು ಅವಳಿಂದ ಇನ್ನೊಮ್ಮೆ ಜೋರಾಗಿ ಹೇಳಿಸಿದೆ. ಸುಣ್ಣದ ಡಬ್ಬಿಯಿಂದ ಚಿಟಿಕೆ ಚಿಟಿಕೆ ತೆಗೆದು, ಮೊಣಕಾಲೂರಿ ನೆಲದ ಮೇಲೆಯೇ ಬರೆದೆ: z² = x² + 36. z ಹಗ್ಗದ ಉದ್ದ, x ಗೆರೆಯ ಮೇಲಿನ ದೂರ, 36 ನನ್ನ ಆರು ಮೀಟರಿನ ವರ್ಗ; ಇದು ಸೈಕಲ್ಲು ಎಲ್ಲಿದ್ದರೂ ನಿಜ. ಓಡುತ್ತಿರುವಾಗಲೇ ಡಿಫರೆನ್ಶಿಯೇಟ್ ಮಾಡಿ. ಹಗ್ಗದ ಉದ್ದ ಗುಣಿಸು ಹಗ್ಗದ ವೇಗ, ಗೆರೆಯ ದೂರ ಗುಣಿಸು ಸೈಕಲ್ಲಿನ ವೇಗ, ಎರಡೂ ಸಮ. ಈಗ ಎಂಟು ಹಾಕಿ, ಹತ್ತು ಹಾಕಿ. ಚಪ್ಪಾಳೆಗೆ ಸೊನ್ನೆ ಬಿಂದು ಎಂಟು ಮೀಟರ್. ಹತ್ತು ಚಪ್ಪಾಳೆಗೆ ಎಂಟು ಗಂಟು. ಈ ಸಲ ಎಂಟನೆಯ ಮೀಟರಿನ ಆಚೀಚೆ ಸೈಕಲ್ಲನ್ನು ನಿಲ್ಲಿಸದೆ ದಾಟಿಸಿ ಎಣಿಸಿದೆವು. ಹಗ್ಗ ಸ್ವಲ್ಪ ಜೋಲುತ್ತಿದ್ದರೂ ಎಂಟಕ್ಕೆ ಬಹಳ ಹತ್ತಿರ ಬಂತು. ಸೈಕಲ್ಲು ನನ್ನ ಕಡೆಗೆ ಬರುವಂತೆ ತಿರುಗಿಸಿದಾಗ ಹಗ್ಗ ಕೈಯಲ್ಲಿ ಹಿಂದಕ್ಕೆ ಸರಿಯಿತು. ಮೈನಸ್ ಚಿಹ್ನೆ ಎಲ್ಲಿಂದ ಬರುತ್ತದೆ ಎಂದು ಬೇರೆ ಹೇಳಬೇಕಾಗಲಿಲ್ಲ. ಪ್ರಾಚಾರ್ಯರು ಯಾವಾಗ ಒಳಗೆ ಹೋದರೋ ನೋಡಲಿಲ್ಲ.

ಇಷ್ಟಾದರೂ ನನ್ನ ಎದೆಯಲ್ಲಿ ಒಂದು ಅಳುಕಿತ್ತು. ಪ್ರಶ್ನೆಪತ್ರಿಕೆ ಮೊದಲೇ ಅಚ್ಚಾಗಿತ್ತು. ಅದರಲ್ಲಿ ಸೈಕಲ್ ಇರಲಿಲ್ಲ, ಹಗ್ಗ ಇರಲಿಲ್ಲ. ಗೋಡೆಗೆ ಆನಿಸಿದ ಐದು ಮೀಟರಿನ ನಿಚ್ಚಣಿಕೆ ಇತ್ತು. ಬುಡ ಸೆಕೆಂಡಿಗೆ ನಾಲ್ಕು ಸೆಂಟಿಮೀಟರಿನಂತೆ ಗೋಡೆಯಿಂದ ದೂರ ಜಾರುತ್ತಿದೆ. ಬುಡ ಮೂರು ಮೀಟರ್ ದೂರದಲ್ಲಿದ್ದಾಗ ತುದಿ ಎಷ್ಟು ವೇಗವಾಗಿ ಕೆಳಗಿಳಿಯುತ್ತದೆ? ಐದು ಅಂಕದ ಪ್ರಶ್ನೆ. ಮೈದಾನದಲ್ಲಿ ತಿಳಿದದ್ದು ಗೋಡೆಗೂ ದಾಟುತ್ತದೆಯೇ?

ಮೇಲ್ವಿಚಾರಣೆಗೆ ನಾನೇ ಇದ್ದೆ. ಯಾರ ಪಕ್ಕದಲ್ಲಿಯೂ ಹೆಚ್ಚು ಹೊತ್ತು ನಿಲ್ಲಬಾರದೆಂದು ಕಿಟಕಿಯ ಬಳಿ ಕೂತೆ. ಆದರೂ ಕಣ್ಣು ಹೋಗುತ್ತಿತ್ತು. ಸೈಕಲ್ಲಿನ ಹುಡುಗಿ ಆ ಪ್ರಶ್ನೆಗೆ ಬಂದು ಪೆನ್ನು ಕೆಳಗಿಟ್ಟಳು. ದುಪಟ್ಟಾದ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಎದುರಿನ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಬೆಂಚಿನ ಅಂಚಿನ ಮೇಲೆ ಅವಳ ಎಡಗೈಯ ಎರಡು ಬೆರಳು ಮಡಚಿಕೊಂಡಿದ್ದವು, ಬ್ರೇಕಿನ ಮೇಲೆ ಇಟ್ಟ ಹಾಗೆ. ನಾನು ನೋಡುತ್ತಿದ್ದಂತೆ ಅವು ಬಿಚ್ಚಿಕೊಂಡವು. ಅವಳು ಪೆನ್ನು ತೆಗೆದುಕೊಂಡಳು.

ಸ್ಟಾಫ್ ರೂಮಿನಲ್ಲಿ ಕೂತು ಎಲ್ಲ ಪತ್ರಿಕೆಗಳನ್ನೂ ಅಂದೇ ತಿದ್ದಿದೆ. ಎಲ್ಲರಿಗೂ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಕಾಲುಭಾಗ ಹುಡುಗರು ಮತ್ತೆ ಮೂರನ್ನು ಮೊದಲೇ ಹಾಕಿ ಸೊನ್ನೆಗೆ ಎರಡು ಗೆರೆ ಎಳೆದಿದ್ದರು. ಮೈದಾನದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನೂ ಅವರಲ್ಲಿದ್ದ. ಉಳಿದವರು ದಾಟಿದ್ದರು. ಅವಳ ಪತ್ರಿಕೆಯನ್ನು ಬೇಕೆಂದೇ ಕಟ್ಟಿನ ನಡುವೆ ಸೇರಿಸಿದ್ದೆ, ಕೈ ಉದಾರವಾಗಬಾರದೆಂದು. ಅವಳು ದತ್ತವನ್ನು ಬರೆದಿದ್ದಳು, ಆದರೆ ಅದರ ಸುತ್ತ ಒಂದು ಚೌಕಟ್ಟು ಹಾಕಿ ಬದಿಗಿಟ್ಟಿದ್ದಳು. x² + y² = 25. ಡಿಫರೆನ್ಶಿಯೇಟ್ ಮಾಡಿದ ಮೇಲೆಯೇ ಮೂರು, ನಾಲ್ಕು ಬಂದಿದ್ದವು. ಉತ್ತರ ಮೈನಸ್ ಮೂರು. ಸೆಂಟಿಮೀಟರ್ ಎನ್ನುವ ಬದಲು ಮೀಟರ್ ಎಂದು ಬರೆದಿದ್ದಳು. ಅದಕ್ಕೆ ಅರ್ಧ ಅಂಕ ಕಳೆದೆ. ಬೇರೆ ಎರಡು ಲೆಕ್ಕಗಳಲ್ಲಿ ಸಾಕಷ್ಟು ಎಡವಿದ್ದಳು. ಕೂಡಿಸಿದೆ, ಮೇಲಿನಿಂದ ಕೆಳಗೆ ಇನ್ನೊಮ್ಮೆ, ಕೆಳಗಿನಿಂದ ಮೇಲೆ ಮತ್ತೊಮ್ಮೆ. ಇಪ್ಪತ್ತೈದಕ್ಕೆ ಹನ್ನೊಂದೂವರೆ. ಪಾಸಿಗೆ ಒಂಬತ್ತು ಸಾಕು. ಆ ಒಂದು ಪ್ರಶ್ನೆ ಇಲ್ಲದಿದ್ದರೆ ಪಾಸಾಗುತ್ತಿರಲಿಲ್ಲ.

ಗೇಟಿನ ಬಳಿ ಅವಳ ತಂದೆ ತಮ್ಮ ಹಳೆಯ ಮೊಪೆಡ್ಡಿಗೆ ಒರಗಿ ನಿಂತಿದ್ದರು. ಅಂಗಿಯ ತೋಳಿಗೆ ಒಣದ್ರಾಕ್ಷಿಯ ಅಂಟು. ಅವಳು ಸೈಕಲ್ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದಳು, ಆಗಲೇ ಅದನ್ನು ಒಪ್ಪಿಸಲು ತಯಾರಾದಂತೆ ಹ್ಯಾಂಡಲ್ಲನ್ನು ಅವರ ಕಡೆಗೆ ತಿರುಗಿಸಿಕೊಂಡು. ಅವರು ಕೇಳುವ ಮೊದಲೇ ಹೇಳಿದೆ. "ಪಾಸ್ ಆಗ್ಯಾಳ್ರಿ. ನಾ ಒಂದು ಅಂಕನೂ ಸುಮ್ಮನ ಕೊಟ್ಟಿಲ್ಲ."

ಅವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಶಾಬಾಸ್ ಎನ್ನಬಹುದೆಂದು ನಾನು ಕಾದೆ. ಅವರು ಮೊಪೆಡ್ಡಿನ ಸ್ಟ್ಯಾಂಡ್ ತೆಗೆಯುತ್ತ, "ನಾಳೆ ಎಷ್ಟಕ್ಕ ಎಬ್ಬಸ್ಲಿ ಬೇಟಾ?" ಎಂದರು.

ಅವಳು ಏನು ಹೇಳಿದಳೋ ಕೇಳಿಸಲಿಲ್ಲ, ನನ್ನ ಬಸ್ಸು ಬಂದಿತ್ತು. ಕಿಟಕಿಯಿಂದ ನೋಡಿದಾಗ ಮುಂದೆ ಸೈಕಲ್ಲು, ಹಿಂದೆ ಮೊಪೆಡ್ಡು ಬಬಲೇಶ್ವರ ರಸ್ತೆಗೆ ಹೊರಳುತ್ತಿದ್ದವು. ಮನೆಯಲ್ಲಿ ಹೊಗಳಿಸಿಕೊಂಡದ್ದುಂಟು, ಅಡುಗೆಗೆ, ರಂಗೋಲಿಗೆ. ಇದು ಬೇರೆ. ತೊರವಿ ದಾಟುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ ಎಂದು ಕಾಣುತ್ತದೆ; ಪಕ್ಕದ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿದಳು.

ಮನೆಯ ಬೀಗ ತೆಗೆಯುತ್ತಿರುವಾಗ ಪಕ್ಕದ ಮನೆಯಾಕೆ ಒಂದು ಬಟ್ಟಲು ಹಿಡಿದು ಹೆಪ್ಪಿಗೆಂದು ಮೊಸರು ಕೇಳಲು ಬಂದಳು. ಒಳಗೆ ಹೋಗಿ ತಂದುಕೊಟ್ಟೆ. ಬಟ್ಟಲು ತೆಗೆದುಕೊಂಡವಳು ನನ್ನ ಸೀರೆಯ ನೆರಿಗೆಯಲ್ಲಿ ಮೊಣಕಾಲಿನ ಹತ್ತಿರ ಮೆತ್ತಿದ್ದ ಸುಣ್ಣವನ್ನೂ ಕೆಂಪಾದ ಅಂಗೈಯನ್ನೂ ಒಮ್ಮೆ ನೋಡಿದಳು.

"ಏನ್ರಿ ವೈನಿ, ಆಟ ಆಡಾಕ ಹೋಗಿದ್ರೇನು ಈ ವಯಸ್ಸಿನಾಗ? ಹೋಗ್ಲಿ, ಗೆದ್ರೋ ಇಲ್ಲೋ?" ಎಂದು ಉತ್ತರಕ್ಕೂ ನಿಲ್ಲದೆ, ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡು ತನ್ನ ಮನೆಗೆ ಹೋದಳು.